ಟಿಸಿಗೆ ಬೈಯುವ ಮೊದಲು ಮನೆಯ ಅರ್ಥ್ ನೋಡಿ

ಕರೆಂಟ್ ಹೋದರೆ ನಾವು ಮೊದಲು ಬೈಯುವುದು ಬೀದಿಯ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರ್‌ಗೆ. ಪಾಪ, ಎಷ್ಟೋ ಸಲ ತಪ್ಪು ಅದರದ್ದಲ್ಲ.

ಮೊದಲು ಬಾಗಿಲಿಗೆ ಬಂದು ಬೀದಿ ನೋಡಿ. ನಿಮ್ಮ ಮನೆ ಮಾತ್ರ ಕತ್ತಲೆಯೇ? ಹಾಗಾದರೆ ನಿಮ್ಮ ಬೋರ್ಡ್ ಅಥವಾ ಕಂಬದಿಂದ ಬರುವ ವೈರು ನೋಡಬೇಕು. ಅಲ್ಲೊಂದು ಇಲ್ಲೊಂದು ಮನೆಯಲ್ಲಿ ದೀಪವಿದ್ದರೆ ಬೀದಿಗೆ ಕರೆಂಟ್ ತರುವ ಮೂರು ಫೇಸ್ ವೈರುಗಳಲ್ಲಿ ಒಂದು ಹೋಗಿರಬಹುದು. ಬಲ್ಬು ಒಮ್ಮೆಲೇ ಕಣ್ಣು ಕುಕ್ಕುವಂತೆ ಉರಿದರೆ ಮಾತ್ರ ಯೋಚಿಸುತ್ತಾ ನಿಲ್ಲಬೇಡಿ, ಮೇನ್ ಆಫ್ ಮಾಡಿ. ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರು ಕಟ್ ಆದರೆ 230 ವೋಲ್ಟ್ ಇರಬೇಕಾದಲ್ಲಿ 400ರ ಹತ್ತಿರ ಬರಬಹುದು. ಟಿವಿ, ಫ್ರಿಜ್ ಎಲ್ಲಾ ಸುಟ್ಟುಹೋಗುತ್ತವೆ.

ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದೆಯೇ? ಒಂದೊಂದು ಲೈನಿಗೂ ಇರುವ ಚಿಕ್ಕ ಸ್ವಿಚ್ಚುಗಳನ್ನು, ಅಂದರೆ ಎಂಸಿಬಿಗಳನ್ನು, ಎಲ್ಲ ಕೆಳಗಿಳಿಸಿ, ಆರ್‌ಸಿಸಿಬಿ ಏರಿಸಿ, ಆಮೇಲೆ ಎಂಸಿಬಿಗಳನ್ನು ಒಂದೊಂದಾಗಿ ಹಾಕಿ. ಯಾವುದಕ್ಕೆ ಬಿತ್ತೋ ಆ ಲೈನಿನ ಪ್ಲಗ್‌ಗಳನ್ನೆಲ್ಲ ಕಿತ್ತು ನೋಡಿ. ಹೆಚ್ಚಾಗಿ ಸಿಕ್ಕಿಬೀಳುವುದು ಗೀಸರ್ ಕಾಯಿಲ್. ಎಲ್ಲ ಎಂಸಿಬಿ ಆಫ್ ಇದ್ದರೂ ಬೀಳುತ್ತದಾ? ಎಲ್ಲೋ ನ್ಯೂಟ್ರಲ್ ವೈರು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥ್ ವೈರಿಗೆ ತಗುಲಿರಬಹುದು. ಮನೆಯ ಸಾಮಾನ್ಯ ಎಂಸಿಬಿ ಕತ್ತರಿಸುವುದು ಫೇಸ್ ಮಾತ್ರ, ನ್ಯೂಟ್ರಲ್ ಹಾಗೇ ಉಳಿದಿರುತ್ತದೆ. ಇದು ಎಲೆಕ್ಟ್ರಿಷಿಯನ್ ಕೆಲಸ.

ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆಯೇ? ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನನ್ನೇ ಕರೆಸಿ, ಅರ್ಥ್ ವೈರು ನೆಲಕ್ಕಿಳಿಯುವ ಗುಂಡಿಯನ್ನೂ ನೋಡಿಸಿ. ನಮ್ಮೂರಲ್ಲಿ ಮನೆ ಮುಂದೆಲ್ಲ ಟೈಲ್ಸ್ ಹಾಕಿಸಿಬಿಟ್ಟಿದ್ದೇವೆ, ಅಲ್ವಾ? ಮಳೆ ನೀರು ಇಳಿಯುವುದೇ ಇಲ್ಲ. ಮಾರ್ಚ್, ಏಪ್ರಿಲ್ ಹೊತ್ತಿಗೆ ಗುಂಡಿ ಒಣಗಿ, ಅರ್ಥ್ ಹೆಸರಿಗಷ್ಟೇ ಇರುತ್ತದೆ. ವಾರಕ್ಕೆರಡು ಬಕೆಟ್ ನೀರು ಹಾಕಿ. ಮಲ್ಟಿಮೀಟರ್‌ನಲ್ಲಿ ಫೇಸ್‌ಗೂ ಅರ್ಥ್‌ಗೂ ನಡುವೆ 230 ವೋಲ್ಟ್ ಬಂತು ಅಂತ ಸುಮ್ನೆ ಒಪ್ಪಬೇಡಿ, ಕೆಟ್ಟ ಅರ್ಥ್ ಕೂಡ ಅಷ್ಟು ತೋರಿಸುತ್ತದೆ. ಅರ್ಥ್ ಟೆಸ್ಟರ್‌ನಿಂದಲೇ ಅಳೆಸಿ. 5 ಓಮ್‌ಗಿಂತ ಕಡಿಮೆ ಇದ್ದರೆ ಒಳ್ಳೆಯದು. ಗುಂಡಿ ತೋಡುವ ಖರ್ಚು ಉಳಿಸಲು ಸಾಕೆಟ್‌ನಲ್ಲೇ ನ್ಯೂಟ್ರಲ್‌ಗೂ ಅರ್ಥ್‌ಗೂ ಜೋಡಿಸುವವರಿದ್ದಾರೆ. ಹಾಗೆ ಮಾಡಲು ಬಿಡಬೇಡಿ. ಆ ನ್ಯೂಟ್ರಲ್ ತುಂಡಾದ ದಿನ ಫ್ರಿಜ್ಜಿನ ಮೈಯೇ ಕರೆಂಟ್ ಆಗುತ್ತದೆ.

ಇಡೀ ಬೀದಿಗೇ ಕರೆಂಟ್ ಇಲ್ಲ, ಟಿಸಿಯಿಂದ ಎಣ್ಣೆ ಸೋರುತ್ತಿದೆ, ಕಿಡಿ ಹಾರುತ್ತಿದೆ ಅಂದರೆ ಹತ್ತಿರ ಹೋಗಬೇಡಿ. ಕೋಲು ಹಿಡಿದು ಫ್ಯೂಸ್ ಸರಿಮಾಡುವ ಸಾಹಸ ಬೇಡವೇ ಬೇಡ, ಮೇಲೆ 11,000 ವೋಲ್ಟ್ ಇರುತ್ತದೆ. ಬೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಬಿಲ್ಲಿನಲ್ಲಿರುವ ಆರ್‌.ಆರ್. ನಂಬರ್ ಕೈಯಲ್ಲಿರಲಿ. ಹತ್ತಿರದ ಗುರುತು ಹೇಳಿ, ಕಂಡದ್ದನ್ನು ಕಂಡಂತೆ ಹೇಳಿ. ‘ಕರೆಂಟ್ ಇಲ್ಲ’ ಅನ್ನುವುದಕ್ಕಿಂತ ‘ಎಣ್ಣೆ ಸೋರುತ್ತಿದೆ’ ಅಂದರೆ ಲೈನ್‌ಮ್ಯಾನ್ ಏನು ತರಬೇಕೋ ಅದನ್ನು ತಂದೇ ಬರಬಹುದು.