ಅಮ್ಮನ್ನ ಕರ್ಕೊಂಡು ವೆಜ್ಲೇ ಬೆಟ್ಟ ಹತ್ತಿದ್ದು

ಪ್ಯಾರಿಸ್‌ನಲ್ಲಿ ಕೆಲಸದ ಮೇಲಿದ್ದಾಗ ಅಮ್ಮ ಮೈಸೂರಿಂದ ಬಂದಿದ್ರು. ಐಫೆಲ್ ಟವರ್ ಅದೂ ಇದೂ ಆದ್ಮೇಲೆ "ಈ ದೇಶದ್ದು ಒಂದು ಹಳ್ಳಿ ತೋರ್ಸೋ" ಅಂದ್ರು, ಸರಿ ಅಂತ ಜೂನ್ ಕೊನೇ ವಾರ ಬರ್ಗಂಡಿ ಕಡೆ ವೆಜ್ಲೇಗೆ ಹೊರಟ್ವಿ. ಬೆಟ್ಟದ ನೆತ್ತಿ ಮೇಲೆ ದೊಡ್ಡ ಚರ್ಚು, ಅಲ್ಲಿಂದ ಕೆಳಗಿಳಿಯೋ ಒಂದು ಮುಖ್ಯ ಬೀದಿ, 400ರ ಆಸುಪಾಸು ಜನ, ಅಷ್ಟೇ ಊರು.

ಒಂದು ತಪ್ಪು ಮಾಡಿದ್ದೆ. ಟ್ರೈನು ಪ್ಯಾರಿಸ್ ಬೆರ್ಸಿಯಿಂದ ಸೆರ್ಮಿಜೆಲ್‌ವರೆಗೆ ಮಾತ್ರ, ಅಲ್ಲಿಂದ ಇನ್ನೂ 10 ಕಿಲೋಮೀಟರ್, ಇಳಿದ್ಮೇಲೆ ನೋಡ್ಕೊಳ್ಳೋಣ ಅಂತ ಟ್ಯಾಕ್ಸಿ ಬುಕ್ ಮಾಡಿರ್ಲಿಲ್ಲ, ಭಾನುವಾರ ಬೇರೆ, ಸ್ಟೇಷನ್ ಹತ್ರ ಒಂದು ನರಪಿಳ್ಳೆ ಇಲ್ಲ. ಫೋನ್ ಮಾಡಿ ಮಾಡಿ ಒಂದು ಗಾಡಿ ಸಿಗೋ ಹೊತ್ತಿಗೆ ಮುಕ್ಕಾಲು ಗಂಟೆ ಆಯ್ತು. ನೀವು ಹೋದ್ರೆ ಹಿಂದಿನ ದಿನವೇ ಹೇಳಿಟ್ಬಿಡಿ.

ಬೀದಿ ಪೂರ್ತಿ ಏರು, ಅಮ್ಮಂಗೆ ಮಂಡಿ ನೋವು, ನಾಲ್ಕು ಮನೆ ದಾಟೋದು, ಯಾರದೋ ಜಗಲಿ ಮೇಲೆ ಕೂರೋದು, ಹಂಗೇ ಹತ್ತಿದ್ವಿ. ನಡುವೆ ರೋಮಾ ರೋಲಾಂ ಇದ್ದ ಮನೆ ಸಿಗುತ್ತೆ, ರಾಮಕೃಷ್ಣ ಪರಮಹಂಸರ ಜೀವನಚರಿತ್ರೆ ಬರೆದೋರು, 1944ರಲ್ಲಿ ತೀರ್ಕೊಂಡಿದ್ದೂ ಇದೇ ಊರಲ್ಲಿ, ಈಗ ಅದು ಮ್ಯೂಸಿಯಂ. ಅಮ್ಮ ಆಶ್ರಮಕ್ಕೆ ಹೋಗೋರು, ಬಾಗಿಲ ಮುಂದೆ ಸುಮ್ಮನೆ ಕೈ ಮುಗಿದ್ರು.

ಚರ್ಚಿನ ಒಳಬಾಗಿಲ ಮೇಲಿನ ಕೆತ್ತನೆ ನೋಡೋಕೆ ಟೈಮ್ ಇಟ್ಕೊಳ್ಳಿ. ನಡುವೆ ಏಸು, ಕೈಯಿಂದ ಶಿಷ್ಯರ ತಲೆಗೆ ಕಿರಣ ಇಳೀತಾ ಇರುತ್ತೆ, ಸುತ್ತ ದೂರದೂರದ ದೇಶದ ಜನ, ನಾಯಿಮುಖದೋರು, ಮೊರದಗಲ ಕಿವಿಯೋರು, ಏಣಿ ಹಾಕ್ಕೊಂಡು ಕುದುರೆ ಹತ್ತೋ ಕುಳ್ಳರು. ಇದು 1120ರ ಬೆಂಕಿ ಅನಾಹುತ ಆದ್ಮೇಲೆ ಕಟ್ಟಿದ್ದು, ನಮ್ಮ ಬೇಲೂರು ದೇವಸ್ಥಾನದ ಪ್ರತಿಷ್ಠೆ 1117, ಅಂದ್ರೆ ಅಲ್ಲೂ ಇಲ್ಲೂ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಉಳಿ ಸದ್ದು ಕೇಳ್ತಾ ಇತ್ತು, ಇದು ಹೊಳೆದಾಗ ನಂಗೆ ಮೈ ಜುಮ್ ಅಂತು.

ಒಳಗೆ ಒಂದು ಕಂಬದ ತಲೆ ಮೇಲೆ ಒಬ್ಬ ಬಗ್ಗಿ ಮೇಲಿಂದ ಕಾಳು ಸುರೀತಾನೆ, ಕೆಳಗೆ ಇನ್ನೊಬ್ಬ ಎರಡೂ ಕೈಲಿ ಚೀಲದ ಬಾಯಿ ಅಗಲ ಹಿಡಿದು ಹಿಟ್ಟು ತುಂಬ್ಕೋತಾನೆ. ಸುರಿಯೋನು ಏಸುಗಿಂತ ಮುಂಚಿನ ಪ್ರವಾದಿ ಮೋಸೆ, ಹಿಡಿಯೋನು ಏಸು ಮಾತು ಸಾರಿದ ಪೌಲ, ಬೈಬಲ್‌ನ ಹಳೇ ಒಡಂಬಡಿಕೆ ಹೊಸದಾಗೋದು ಅಂತ ಅರ್ಥ. ನಾನು ಬಾಯಿ ಬಿಡೋಕೆ ಮುಂಚೆನೇ ಅಮ್ಮ "ಹಿಟ್ಟಿನ ಗಿರಣಿ ಕಣೋ ಇದು" ಅಂದ್ರು.

ಜೂನ್ 21ರ ಆಸುಪಾಸು ಸೂರ್ಯ ನೆತ್ತಿಗೆ ಬಂದಾಗ, ಅಲ್ಲಿನ ಗಡಿಯಾರದಲ್ಲಿ ಮಧ್ಯಾಹ್ನ ಎರಡರ ಹತ್ರ, ಮೇಲಿನ ಕಿಟಕಿಗಳಿಂದ ಬಿಸಿಲು ಬಿದ್ದು ನಡುಹಾದಿ ಉದ್ದಕ್ಕೂ ಬೆಳಕಿನ ತುಂಡುಗಳು ಸಾಲಾಗಿ ನಿಲ್ತವೆ. ನಾವು ನೋಡಿದ್ವಿ, ಆದ್ರೆ ಕಾಲಿಡೋಕೆ ಜಾಗ ಇಲ್ದಷ್ಟು ಜನ.

ಅದಕ್ಕೇ ಹೇಳೋದು, ಬೆಳಗ್ಗೆ ಹೋಗಿ ಸಂಜೆ ವಾಪಸ್ ಅಂತ ಮಾತ್ರ ಮಾಡ್ಬೇಡಿ, ಒಂದು ರಾತ್ರಿ ಇರಿ. ಸಂಜೆ ಬಸ್ಸುಗಳು ಹೋದ್ಮೇಲೆ ಸನ್ಯಾಸಿಗಳು, ಸನ್ಯಾಸಿನಿಯರು ಬಿಳಿ ಬಟ್ಟೇಲಿ ಬಂದು ಒಟ್ಟಿಗೆ ಪ್ರಾರ್ಥನೆ ಹಾಡಿದ್ರು, ಭಾಷೆ ಒಂದಕ್ಷರ ಬರದಿದ್ರೂ ಅಮ್ಮ ಮುಗಿಯೋವರೆಗೂ ಏಳಲಿಲ್ಲ. ಮಾರನೇ ದಿನ ಟ್ಯಾಕ್ಸಿ ಬರೋಕೆ ಮುಂಚೆ ಆ ಗಿರಣಿ ಕಂಬದ ಹತ್ರ ಇನ್ನೊಂದ್ಸಲ ಹೋಗಿ ನಿಂತು, ಫೋಟೋ ತೆಗಿ, ಚಿಕ್ಕಮ್ಮಂಗೆ ಕಳಿಸ್ಬೇಕು ಅಂದ್ರು.