ಹಳೇ ದೀಪಗಳನ್ನು ಮಾರುವ ಮುನ್ನ

ಮನೆ ಪಾಲಾದಾಗ ಅಜ್ಜಿಯ ದೀಪಗಳೆಲ್ಲ ನಮಗೆ ಬಂದವು. ಹಿತ್ತಾಳೆಯ ತೂಗುದೀಪ, ಕಾಲುದೀಪ, ಜೊತೆಗೆ ನಾಲ್ಕೈದು ಲಾಟೀನು. ಇಡಲು ಜಾಗವಿಲ್ಲದೆ ಮಾರಲು ಹೊರಟೆವು. ಪಾತ್ರೆ ಅಂಗಡಿಯವರು ತಕ್ಕಡಿಗೆ ಹಾಕಿ ಕಿಲೋ ಲೆಕ್ಕದಲ್ಲಿ ರೇಟು ಹೇಳಿದರು. ಆ ರೇಟನ್ನು ಬರೆದಿಟ್ಟುಕೊಳ್ಳಿ, ಅದಕ್ಕಿಂತ ಕೆಳಗೆ ಇಳಿಯಬೇಡಿ. ಆದರೆ ಅಲ್ಲೇ ಕೊಟ್ಟು ಬರಬೇಡಿ. ಕರಗಿಸಿಬಿಟ್ಟರೆ ಆ ಕೆಲಸಗಾರಿಕೆ ಮತ್ತೆ ಸಿಗುತ್ತಾ?

ಮುಖ್ಯವಾದ ಮಾತು: ಹುಣಸೆಹಣ್ಣು ಹಾಕಿ ಉಜ್ಜಬೇಡಿ! ನಮ್ಮಮ್ಮ ಎರಡು ದೀಪ ಫಳಫಳ ಮಾಡಿಟ್ಟಿದ್ದರು. ನೋಡಲು ಬಂದವರು ಮುಟ್ಟಿದ್ದು ಕಪ್ಪಗಿದ್ದವನ್ನೇ. ವರ್ಷಗಟ್ಟಲೆ ಕೂತ ಆ ಬಣ್ಣವೇ ವಯಸ್ಸಿನ ಗುರುತು. ಒಣ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು.

ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಒಳಗೆ ಕಬ್ಬಿಣ ಇದೆ, ಮೇಲೆ ಬರೀ ಲೇಪ. ಬತ್ತಿ ಇಡುವ ಮೂತಿ ಸವೆದಿದೆಯಾ, ತೂಗುದೀಪದ ಸರಪಳಿ ಅದರದ್ದೇನಾ, ತಿರುಪಿನ ಭಾಗಗಳು ಸರಿಯಾಗಿ ಕೂರುತ್ತವಾ ನೋಡಿ. ಲಾಟೀನಿನ ಗಾಜು, ಬುಡದಲ್ಲಿರುವ ಕಂಪನಿ ಮುದ್ರೆ ಎರಡರ ಫೋಟೋನೂ ತೆಗೆಯಿರಿ. ಬೆಸುಗೆ ಹಾಕಿದ್ದರೆ ಮುಚ್ಚಿಡದೆ ಹೇಳಿಬಿಡಿ.

ಕನಿಷ್ಠ ಮೂವರ ಹತ್ತಿರ ಬೆಲೆ ಕೇಳಿ. ಆನ್‌ಲೈನ್‌ನಲ್ಲಿ ಕೇಳುವ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ಎರಡನೆಯದನ್ನು ನೋಡಿ. ಎಲ್ಲವನ್ನೂ ಒಟ್ಟಿಗೆ ಕೊಟ್ಟರೆ ಒಳ್ಳೆಯ ದೀಪಕ್ಕೂ ಸಾಧಾರಣ ಬೆಲೆಯೇ ಸಿಗುತ್ತದೆ, ಹಾಗಾಗಿ ಬಿಡಿಯಾಗಿ ಮಾರಿ.

ವಿದೇಶದವರು ಕೇಳಿದರೆ ಹುಷಾರು. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ಇಂಥ ಕಲಾವಸ್ತುಗಳನ್ನು ನಾವು ದೇಶದ ಹೊರಗೆ ಕಳಿಸುವ ಹಾಗಿಲ್ಲ.

ಅಜ್ಜಿ ದಿನಾ ಹಚ್ಚುತ್ತಿದ್ದ ಕಾಲುದೀಪವನ್ನು ಮಾತ್ರ ನಾವು ಮಾರಲಿಲ್ಲ.