ಹೋಲ್‌ಸೇಲ್ ಅಂಗಡಿಯಲ್ಲಿ ನಿಜವಾದ ಅಗ್ಗ ಹುಡುಕುವುದು: ನನ್ನ ಅನುಭವ

ಕಾರ್ಡ್ ಇದ್ದವರನ್ನು ಮಾತ್ರ ಒಳಗೆ ಬಿಡುವ ದೊಡ್ಡ ಹೋಲ್‌ಸೇಲ್ ಅಂಗಡಿಯಲ್ಲಿ ಎಲ್ಲವೂ ಅಗ್ಗ ಎಂದು ತುಂಬಾ ಜನ ನಂಬಿದ್ದಾರೆ. ಹಾಗೇನೂ ಇಲ್ಲ. ಕೆಲವು ಸಾಮಾನು ನಿಜಕ್ಕೂ ಅಗ್ಗ. ಕೆಲವಕ್ಕೆ ಡಿ-ಮಾರ್ಟ್‌ನಲ್ಲಿ ಇರುವಷ್ಟೇ ದರ. ಇನ್ನು ಕೆಲವು ನಮ್ಮ ಬೀದಿಯ ಕಿರಾಣಿ ಅಂಗಡಿಗಿಂತ ಜಾಸ್ತಿ. ಯಾವುದು ಯಾವ ಗುಂಪಿನದು ಎಂದು ಗೊತ್ತಿದ್ದರೆ ಮಾತ್ರ ಅಷ್ಟು ದೂರ ಹೋಗಿ ಬಂದದ್ದಕ್ಕೆ ಅರ್ಥ.

ನಾನು ಮುಂಬೈಯ ಮುಲುಂಡ್‌ನಲ್ಲಿ ಮನೆಯಿಂದಲೇ ಅಡುಗೆ ಮಾಡಿ ಕೊಡುತ್ತೇನೆ. ಬೆಳಿಗ್ಗೆ ಇಡ್ಲಿ, ವಡೆ. ಮಧ್ಯಾಹ್ನ ಆಫೀಸಿನವರ ಡಬ್ಬಿ. ಶನಿವಾರ, ಭಾನುವಾರ ನಾಮಕರಣ, ಸತ್ಯನಾರಾಯಣ ಪೂಜೆಯ ಊಟ. ಈ ಕೆಲಸದಲ್ಲಿ ಡಬ್ಬಿಯ ದರ ಐದು ರೂಪಾಯಿ ಏರಿಸಬೇಕಾದರೂ ಹತ್ತು ಸಲ ಯೋಚಿಸಬೇಕು. ಹಾಗಾಗಿ ದುಡ್ಡು ಉಳಿಯುವುದಿದ್ದರೆ ಖರೀದಿಯಲ್ಲೇ ಉಳಿಯಬೇಕು. ನಾನು ಲೆಕ್ಕ ಕಲಿತದ್ದು ಈ ಒತ್ತಡದಿಂದಲೇ.

ಮೊದಲು ಕಾರ್ಡಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಈ ಬಗೆಯ ಅಂಗಡಿ ತೆರೆದ ಮೊದಲಿಗರಲ್ಲಿ ಜರ್ಮನಿಯ ಮೆಟ್ರೋ ಕಂಪನಿ ಮುಖ್ಯ. 2003ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದರು. ಮುಂಬೈಯಲ್ಲೂ ಭಾಂಡುಪ್, ಬೊರಿವಿಲಿ ಕಡೆ ಅವರ ಅಂಗಡಿಗಳು ಬಂದವು. 2023ರಲ್ಲಿ ಅವರ ಭಾರತದ ವ್ಯಾಪಾರವನ್ನು ರಿಲಯನ್ಸ್ ರಿಟೇಲ್ ಕೊಂಡುಕೊಂಡಿತು. ವಿದೇಶಿ ಕಂಪನಿ ಹೋಲ್‌ಸೇಲ್ ಮಾಡಬಹುದು, ಆದರೆ ವ್ಯಾಪಾರಿಗಳಿಗೆ, ಸಂಸ್ಥೆಗಳಿಗೆ ಮಾತ್ರ ಮಾರಬೇಕು ಎಂಬ ಸರ್ಕಾರದ ನಿಯಮದಿಂದ ಈ ಕಾರ್ಡಿನ ಪದ್ಧತಿ ಬಂತು. ಕಾರ್ಡ್ ಸಿಗಬೇಕಾದರೆ ಜಿಎಸ್‌ಟಿ ನೋಂದಣಿ ಇರಬೇಕು, ಅಥವಾ ವ್ಯಾಪಾರದ ಪರವಾನಗಿ ಇರಬೇಕು. ಮುಂಬೈಯಲ್ಲಿ ನಾವೆಲ್ಲ ಗುಮಾಸ್ತಾ ಎನ್ನುವ ಅಂಗಡಿ ಲೈಸೆನ್ಸ್ ಆದರೂ ನಡೆಯುತ್ತದೆ. ನನ್ನ ಹತ್ತಿರ ಗುಮಾಸ್ತಾ ಇತ್ತು. ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಇತ್ತು. ಅದನ್ನು ನಾನು ಮಾಡಿಸಿದಾಗ ಶುಲ್ಕ ವರ್ಷಕ್ಕೆ 100 ರೂಪಾಯಿ. ಮನೆಯಿಂದ ಅಡುಗೆ ಮಾಡಿ ಮಾರುವ ಹೆಣ್ಣುಮಕ್ಕಳು ಇದನ್ನು ಮಾಡಿಸದೆ ಇರುವುದನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಕಾರ್ಡ್ ಸಿಗಲಿ, ಸಿಗದಿರಲಿ, ಅದು ಬೇಕೇ ಬೇಕು.

ಒಳಗೆ ಹೋಗುವಾಗ ನನ್ನ ಕೈಯಲ್ಲಿ ಒಂದು ರೇಟ್ ಪುಸ್ತಕ ಇರುತ್ತದೆ. ಸಾಮಾನಿನ ಹೆಸರು, ಒಂದು ಕಿಲೋಗೆ ಬಿದ್ದ ದರ, ಎಲ್ಲಿ ಕೊಂಡದ್ದು, ಯಾವ ತಿಂಗಳು. ಇಷ್ಟೇ. ಪ್ಯಾಕಿನ ದರವನ್ನು ನಾನು ಬರೆಯುವುದೇ ಇಲ್ಲ. ಕಿಲೋ, ಲೀಟರ್ ಅಥವಾ ಒಂದು ಪೀಸಿನ ದರ ಮಾತ್ರ. ಯಾಕೆಂದರೆ ಪ್ಯಾಕಿನ ಅಳತೆ ಈಗ ಒಂದೇ ರೀತಿ ಇಲ್ಲ. ಮೊದಲು ಎಣ್ಣೆ, ಚಹಾ, ಬಿಸ್ಕತ್ತಿನಂತಹ ಸಾಮಾನುಗಳಿಗೆ ಇಂತಿಷ್ಟೇ ಅಳತೆಯ ಪ್ಯಾಕ್ ಇರಬೇಕು ಎಂಬ ನಿಯಮ ಇತ್ತು. 2021ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ಅದರ ಬದಲು ಗ್ರಾಂಗೆ, ಕಿಲೋಗೆ ಎಷ್ಟು ಬೀಳುತ್ತದೆ ಎಂದು ಪ್ಯಾಕಿನ ಮೇಲೆ ಮುದ್ರಿಸಬೇಕು ಎಂದರು. ಅದನ್ನು ಎಂಆರ್‌ಪಿಯ ಹತ್ತಿರವೇ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ಆದರೆ ಆ ಲೆಕ್ಕ ಎಂಆರ್‌ಪಿಯದು, ನೀವು ಕೊಡುವ ದರದ್ದಲ್ಲ. ಹಾಗಾಗಿ ಮೊಬೈಲ್ ತೆಗೆದು ನೀವೇ ಭಾಗಿಸಿ ನೋಡಬೇಕು.

ಎಣ್ಣೆಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಡಬ್ಬ ನೋಡಿದರೆ ಎರಡೂ ಒಂದೇ. ಒಂದು 15 ಲೀಟರ್, ಇನ್ನೊಂದು 15 ಕಿಲೋ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅಂದರೆ 15 ಲೀಟರ್ ಡಬ್ಬದಲ್ಲಿ ಇರುವುದು ಸುಮಾರು 13.65 ಕಿಲೋ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ಲೀಟರ್ ಡಬ್ಬಕ್ಕೆ 2,100 ರೂಪಾಯಿ, ಕಿಲೋ ಡಬ್ಬಕ್ಕೆ 2,250. ಮೊದಲನೆಯದು 150 ರೂಪಾಯಿ ಅಗ್ಗ ಎಂದು ಕೈ ಹೋಗುತ್ತದೆ, ಅಲ್ವಾ? ಭಾಗಿಸಿ ನೋಡಿ. ಲೀಟರ್ ಡಬ್ಬದ ಎಣ್ಣೆ ಕಿಲೋಗೆ ಸುಮಾರು 154 ಬೀಳುತ್ತದೆ. ಕಿಲೋ ಡಬ್ಬದ್ದು ಸರಿಯಾಗಿ 150. ಪೌಚಿನಲ್ಲೂ ಇದೇ ಕಥೆ. ಬಿಸಿಯಾದರೆ ಎಣ್ಣೆ ಹಿಗ್ಗುತ್ತದೆ. ಕೆಲವು ಕಂಪನಿಗಳು ಹೆಚ್ಚಿನ ಉಷ್ಣಾಂಶದ ಅಳತೆ ಬರೆದು, ಲೀಟರ್ ಎಂದು ಹೇಳಿಕೊಂಡೇ ಕಡಿಮೆ ತೂಕ ತುಂಬುತ್ತಿದ್ದವು. ಉಷ್ಣಾಂಶ ಬರೆಯದೆ ಅಳತೆ ತೋರಿಸಿ ಎಂದು ಕೇಂದ್ರ ಸರ್ಕಾರ 2022ರಲ್ಲಿ ಅವರಿಗೆ ಹೇಳಬೇಕಾಯಿತು. ನಾನು ಎಣ್ಣೆಯನ್ನು ಗ್ರಾಂ ನೋಡಿಯೇ ಕೊಳ್ಳುತ್ತೇನೆ.

ಎರಡನೆಯದು ತೆರಿಗೆ. ಹೋಲ್‌ಸೇಲ್ ಅಂಗಡಿಯ ದರದ ಚೀಟಿಯಲ್ಲಿ ತೆರಿಗೆ ಬಿಟ್ಟ ದರ, ತೆರಿಗೆ ಸೇರಿದ ದರ ಎರಡೂ ಇರಬಹುದು. ಜಿಎಸ್‌ಟಿ ನೋಂದಣಿ ಇರುವ ಕಿರಾಣಿ ಅಂಗಡಿಯವರು ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು, ಮಾರಿದಾಗ ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಿಸಿಕೊಳ್ಳುತ್ತಾರೆ. ಹಾಗಾಗಿ ಅವರು ಮೊದಲನೆಯದನ್ನು ನೋಡಿದರೂ ನಡೆಯುತ್ತದೆ. ನನ್ನಂತಹ ಜಿಎಸ್‌ಟಿ ನೋಂದಣಿ ಇಲ್ಲದವರಿಗೆ ಆ ದಾರಿ ಇಲ್ಲ. ಶೇ. 5 ಜಿಎಸ್‌ಟಿ ಹಾಕುವ ಹೋಟೆಲಿನವರಿಗೂ ಇಲ್ಲ. ಈ ವಿಷಯ ಮೊದಲು ಹೇಳಿದ್ದು ನಮ್ಮ ಭಾವ. ಅವರದ್ದು ಇಲ್ಲೇ ಹತ್ತಿರ ಉಡುಪಿ ಹೋಟೆಲು. “ನಮಗೆ ವಾಪಸ್ ಸಿಗದ ತೆರಿಗೆ ಸಾಮಾನಿನ ದರವೇ ಅಲ್ವಾ ಅಕ್ಕ, ಅದನ್ನು ಬಿಟ್ಟು ಲೆಕ್ಕ ಹಾಕಬೇಡಿ” ಎಂದರು. ಅಂದಿನಿಂದ ತೆರಿಗೆ ಸೇರಿದ ದರವನ್ನೇ ಪುಸ್ತಕದಲ್ಲಿ ಬರೆಯುತ್ತೇನೆ.

ಅಕ್ಕಿ, ಬೇಳೆ, ಹಿಟ್ಟಿನಲ್ಲಿ ತೆರಿಗೆಯ ಇನ್ನೊಂದು ಗುಟ್ಟಿದೆ. 2022ರ ಜುಲೈ 18ರಿಂದ, 25 ಕಿಲೋವರೆಗಿನ ಲೇಬಲ್ ಇರುವ ಪ್ಯಾಕಿಗೆ ಶೇ. 5 ಜಿಎಸ್‌ಟಿ ಇದೆ. ಅದಕ್ಕಿಂತ ದೊಡ್ಡ ಒಂದೇ ಮೂಟೆಗೆ ಇಲ್ಲ. 26 ಕಿಲೋ, 30 ಕಿಲೋ ಅಕ್ಕಿ ಮೂಟೆ ಯಾಕೆ ಬಂತು ಎಂದು ಈಗ ಗೊತ್ತಾಯಿತಲ್ಲ? ದಿನಾ ಅನ್ನ ಮಾಡುವವರು 25ರ ಮೂಟೆಯನ್ನೂ 30ರ ಮೂಟೆಯನ್ನೂ ಪಕ್ಕಪಕ್ಕ ಇಟ್ಟು ನೋಡಲೇಬೇಕು. ತೆರಿಗೆಯ ದರಗಳೂ ಬದಲಾಗುತ್ತಿರುತ್ತವೆ. 2025ರ ಸೆಪ್ಟೆಂಬರ್ 22ರಿಂದ ಬೆಣ್ಣೆ, ತುಪ್ಪ, ಚೀಸ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಪ್ಯಾಕ್ ಮಾಡಿದ ಪನೀರಿಗೆ ಪೂರ್ತಿ ಹೋಯಿತು. ಅದಕ್ಕಿಂತ ಹಿಂದಿನ ಪುಟಗಳನ್ನು ನಾನು ಈಗ ಹೋಲಿಕೆಗೆ ಬಳಸುವುದಿಲ್ಲ.

ಇಷ್ಟೆಲ್ಲ ಲೆಕ್ಕ ಸರಿಯಿದ್ದರೂ ಉದ್ದು ಮಾತ್ರ ದರ ನೋಡಿ ಕೊಳ್ಳುವ ಸಾಮಾನಲ್ಲ. ಉದ್ದು ಒದಗಬೇಕು. ಹೊಸ ಬ್ರ್ಯಾಂಡ್ ಕಂಡರೆ ಒಂದೇ ಕಿಲೋ ತರುತ್ತೇನೆ. ಯಾವಾಗಲೂ ನೆನೆಸುವಷ್ಟೇ ಹೊತ್ತು ನೆನೆಸಿ, ಅದೇ ಗ್ರೈಂಡರಿನಲ್ಲಿ ರುಬ್ಬಿ, ಅದೇ ಪಾತ್ರೆಯಲ್ಲಿ ಹಾಕಿ ಎಲ್ಲಿಯವರೆಗೆ ಏರಿತು ನೋಡುತ್ತೇನೆ. ನೀರು ಹೀರುವ ಉದ್ದು ಹೂವಿನ ಹಾಗೆ ಉಬ್ಬುತ್ತದೆ. ಹಳೆಯ ಉದ್ದು ಎಷ್ಟು ರುಬ್ಬಿದರೂ ಗಟ್ಟಿಯಾಗಿ ಕೂರುತ್ತದೆ. ಕಿಲೋಗೆ 120ರ ಗೋಟಾ, ಅಂದರೆ ಸಿಪ್ಪೆ ತೆಗೆದ ಇಡೀ ಉದ್ದಿನಲ್ಲಿ ಮೂರು ಪಾಲು ರವೆಗೆ ಒಂದು ಪಾಲು ಹಾಕಬೇಕು ಎಂದುಕೊಳ್ಳಿ. 135ರದ್ದಾದರೆ ನಾಲ್ಕಕ್ಕೆ ಒಂದು ಸಾಕು. 12 ಕಿಲೋ ಇಡ್ಲಿ ರವೆಗೆ ಮೊದಲನೆಯದು 4 ಕಿಲೋ ಬೇಕು, 480 ರೂಪಾಯಿ. ಎರಡನೆಯದು 3 ಕಿಲೋ ಸಾಕು, 405 ರೂಪಾಯಿ. ಇಡ್ಲಿಯೂ ಮೆತ್ತಗೆ ಬರುತ್ತದೆ. ಅದಕ್ಕೇ ಉದ್ದಿನ ಪುಟದಲ್ಲಿ ದರದ ಪಕ್ಕ ಎಷ್ಟು ಒದಗಿತು ಎಂದೂ ಬರೆದಿಡುತ್ತೇನೆ. ಒಳ್ಳೆಯ ಲಾಟ್ ಸಿಕ್ಕಿದರೆ ಬೇಗ ಮತ್ತೆ ಹೋಗಿ ಅದೇ ಪ್ಯಾಕಿಂಗ್ ತಾರೀಖಿನದ್ದು ತರುತ್ತೇನೆ.

ಗೋಡಂಬಿಯಲ್ಲಿ ಇದರ ಉಲ್ಟಾ. ಡಬ್ಲ್ಯೂ-320 ಎಂದರೆ ಒಂದು ಪೌಂಡಿಗೆ 320ರ ಒಳಗೆ ಬರುವ ಇಡೀ ಗೋಡಂಬಿ, ಪಾಯಸದ ಮೇಲೆ ಕಾಣಿಸಲು ಚೆಂದ. ಗ್ರೇವಿಗೆ ರುಬ್ಬುವುದಕ್ಕೆ ಅದು ಯಾಕೆ? ತುಂಡು ಗೋಡಂಬಿ ಸಾಕು. ಸಕ್ಕರೆಯಲ್ಲೂ ಹಾಗೆ. ಎಂ-30 ಮಧ್ಯಮ ಹರಳು, ಎಸ್-30 ಸಣ್ಣದು. ಕಾಫಿಯಲ್ಲಿ ಕರಗಿದ ಮೇಲೆ ಎರಡೂ ಒಂದೇ, ಹಾಗಾಗಿ ಅಗ್ಗದ್ದು ಯಾವುದೋ ಅದು.

ಫ್ರಿಜ್‌ಗಳ ಸಾಲಿನಲ್ಲಿ ಮಾತ್ರ ನಿಂತು ಓದಿ. ದರ ತುಂಬಾ ಕಡಿಮೆ ಕಂಡರೆ ಅದು ಬೇರೆಯೇ ಸಾಮಾನು ಇರಬಹುದು. ಪನೀರ್ ಪಕ್ಕದಲ್ಲಿ ‘ಅನಲಾಗ್’ ಎಂದು ಬರೆದದ್ದು ಇರುತ್ತದೆ. ಅದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ. ಬೆಣ್ಣೆಯ ಪಕ್ಕ ‘ಫ್ಯಾಟ್ ಸ್ಪ್ರೆಡ್’, ಐಸ್‌ಕ್ರೀಮ್ ಪಕ್ಕ ‘ಫ್ರೋಜನ್ ಡೆಸರ್ಟ್’. ಇವುಗಳನ್ನು ಮಾರುವುದು ಕಾನೂನಿನ ಪ್ರಕಾರ ತಪ್ಪಲ್ಲ, ಪ್ಯಾಕಿನ ಮೇಲೆ ಬರೆದೇ ಇರುತ್ತಾರೆ. ಆದರೆ ಪನೀರ್ ಎಂದು ದುಡ್ಡು ಕೊಡುವವರಿಗೆ ನಾನು ಪನೀರನ್ನೇ ಕೊಡಬೇಕು. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ಮೂರು ತೆಗೆದುಕೊಂಡರೆ ಒಂದು ದರ, ಆರು ತೆಗೆದುಕೊಂಡರೆ ಇನ್ನೊಂದು ದರ ಎನ್ನುವ ಸ್ಲ್ಯಾಬ್ ಈ ಅಂಗಡಿಗಳ ದೊಡ್ಡ ಆಕರ್ಷಣೆ. ನನ್ನದು ಸಣ್ಣ ಅಡುಗೆಮನೆ, ಆರು ಕ್ಯಾನ್ ಇಡಲು ಜಾಗವಿಲ್ಲ. ಅದಕ್ಕೆ ನಮ್ಮ ಹಾಗೇ ಅಡುಗೆ ಮಾಡಿಕೊಡುವ ಥಾಣೆಯ ಇಬ್ಬರು ಗೆಳತಿಯರ ಜೊತೆ ಸೇರಿಕೊಂಡಿದ್ದೇನೆ. ಹೋಗುವ ಹಿಂದಿನ ದಿನ ವಾಟ್ಸಾಪ್‌ನಲ್ಲಿ ಪಟ್ಟಿ ಬರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ಡಿನ 5 ಲೀಟರ್ ಕ್ಯಾನ್, ಫಾಯಿಲ್ ಡಬ್ಬಿ, ಟಿಶ್ಯೂ, ಟೊಮೆಟೊ ಪ್ಯೂರಿ, ಇವನ್ನು ಹಂಚಿಕೊಂಡೇ ಕೊಳ್ಳುತ್ತೇವೆ. 2018ರಲ್ಲಿ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ನಿಷೇಧ ಬಂದ ಮೇಲೆ ಡಬ್ಬಿಗಳಿಗೆ ಹೋಗುವ ದುಡ್ಡು ಕಡಿಮೆಯಲ್ಲ. ಫಾಯಿಲ್ ಡಬ್ಬಿಯಲ್ಲಿ ಒಂದು ಪೀಸಿನ ದರ ನೋಡಿ, ಜೊತೆಗೆ ಅಂಚನ್ನು ಬೆರಳಲ್ಲಿ ಒತ್ತಿ ನೋಡಿ. ತೆಳುವಾದದ್ದು ಸಾಂಬಾರಿನ ಭಾರಕ್ಕೆ ಬಾಗುತ್ತದೆ. ಒಟ್ಟಿಗೆ ಹೋದರೆ ರಿಕ್ಷಾ, ಟೆಂಪೋ ಖರ್ಚೂ ಹಂಚಿಹೋಗುತ್ತದೆ. ಹೋಗಿ ಬರಲು 300 ರೂಪಾಯಿ ಆದರೆ, 3,000ದ ಬಿಲ್ಲಿನ ಮೇಲೆ ಅದು ಶೇ. 10. ಉಳಿಸಿದ್ದೆಲ್ಲ ಅಲ್ಲಿಗೇ ಹೋಯಿತು. 15,000ದ ಬಿಲ್ಲಿಗೆ ಶೇ. 2 ಮಾತ್ರ.

ಇನ್ನು ಮಳೆ. ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರವೆ, ಮೈದಾ, ಕಡ್ಲೆಹಿಟ್ಟು ಎಷ್ಟೇ ಅಗ್ಗ ಸಿಕ್ಕಿದರೂ ವಾರಕ್ಕೆ ಬೇಕಾದಷ್ಟೇ ತರುತ್ತೇನೆ. ಈ ತೇವದಲ್ಲಿ ಹುಳ ಬರಲು ಹೆಚ್ಚು ದಿನ ಬೇಡ. ಇಲ್ಲಿನ ಮರಾಠಿ ಮನೆಗಳಲ್ಲಿ ಬೇಸಿಗೆಯಲ್ಲೇ ವರ್ಷದ ಮಸಾಲೆ, ಧಾನ್ಯ ತಂದು ಬಿಸಿಲಿಗೆ ಹಾಕಿ ತುಂಬಿಡುತ್ತಾರೆ. ಒಣಮೆಣಸು, ಕೊತ್ತಂಬರಿ ಬೀಜಕ್ಕೆ ನಾನೂ ಹಾಗೇ ಮಾಡುತ್ತೇನೆ. ತಾರೀಖು ಹತ್ತಿರ ಬಂತೆಂದು ದರ ಇಳಿಸಿದ ಸಾಮಾನು ವಾರದೊಳಗೆ ಮುಗಿಯುವುದಾದರೆ ಮಾತ್ರ ತನ್ನಿ. ದೀಪಾವಳಿ ಮುಗಿದ ಕೂಡಲೇ ಉಳಿದ ಡ್ರೈಫ್ರೂಟ್ ಗಿಫ್ಟ್ ಡಬ್ಬಗಳ ದರ ಇಳಿಯುವುದನ್ನು ನೋಡಿದ್ದೇನೆ. ಡಬ್ಬದ ಅಂದಕ್ಕೆ ಬೆಲೆ ಕಟ್ಟದೆ, ಒಳಗಿನ ಗ್ರಾಂ ಮಾತ್ರ ಭಾಗಿಸಿ ನೋಡಿ.

ನನ್ನ ತಂಗಿ ಅಮೆರಿಕದಲ್ಲಿದ್ದಾಳೆ. ಅಲ್ಲಿನ ಕಾಸ್ಟ್‌ಕೊ ಎಂಬ ಹೋಲ್‌ಸೇಲ್ ಅಂಗಡಿಯ ಕಥೆ ಆಗಾಗ ಹೇಳುತ್ತಾಳೆ. ಅಲ್ಲಿ ವರ್ಷಕ್ಕೆ 65 ಡಾಲರ್ ಕೊಟ್ಟರೆ ಯಾರು ಬೇಕಾದರೂ ಸದಸ್ಯರು. ದರ 97 ಸೆಂಟ್‌ಗೆ ಮುಗಿದರೆ ಅದು ಸಾಮಾನ್ಯವಾಗಿ ಇಳಿಸಿದ ದರ. ದರದ ಚೀಟಿಯ ಮೂಲೆಯಲ್ಲಿ ನಕ್ಷತ್ರ ಇದ್ದರೆ ಆ ಸಾಮಾನು ಮತ್ತೆ ಬರುವುದು ಅನುಮಾನ. ಇಲ್ಲಿ ಅಂತಹ ಗುರುತು ಹುಡುಕುತ್ತಾ ಕೂತರೆ ಸುಮ್ನೆ ಸಮಯ ಹಾಳು. ಪುಸ್ತಕವೇ ಗತಿ.

ಬ್ಯಾಡಗಿ ಮೆಣಸು, ಕುಚ್ಚಲಕ್ಕಿ, ಒಳ್ಳೆಯ ಹುಣಸೆಹಣ್ಣು ನಾನು ಇಲ್ಲಿನ ಹೋಲ್‌ಸೇಲ್ ಅಂಗಡಿಯಲ್ಲಿ ಕೊಳ್ಳುವುದಿಲ್ಲ. ಅದಕ್ಕೆ ನಮ್ಮ ಮಂಗಳೂರು ಸ್ಟೋರ್‌ಗಳು, ಮಾಟುಂಗಾದ ಅಂಗಡಿಗಳು ಇವೆ. ಧಾನ್ಯ ಮೂಟೆಗಟ್ಟಲೆ ಬೇಕಾದಾಗ ವಾಶಿಯ ಎಪಿಎಂಸಿ ಸಗಟು ಮಾರುಕಟ್ಟೆ. ಸೋಪು, ಪೇಸ್ಟಿಗೆ ಡಿ-ಮಾರ್ಟ್ ಸಾಕು, ಅಲ್ಲಿ ಕಾರ್ಡೂ ಬೇಡ.

ಕೊನೆಗೆ ನಮ್ಮ ಕನ್ನಡ ಸಂಘಗಳವರಿಗೆ ಒಂದು ಮಾತು. ನೋಂದಾಯಿತ ಸಂಘ, ಟ್ರಸ್ಟ್‌ಗಳು ತಮ್ಮ ಬಳಕೆಗೆ ಹೋಲ್‌ಸೇಲ್‌ನಲ್ಲಿ ಕೊಳ್ಳಲು, ಮೊದಲು ಹೇಳಿದ ಸರ್ಕಾರದ ನಿಯಮದಲ್ಲೇ ಅವಕಾಶ ಇದೆ. ಗಣೇಶೋತ್ಸವಕ್ಕೆ, ರಾಜ್ಯೋತ್ಸವಕ್ಕೆ ನೂರಾರು ಜನರ ಊಟ ಹಾಕುವ ಸಂಘಗಳು ಚಿಲ್ಲರೆ ದರದಲ್ಲಿ ಎಣ್ಣೆ, ಬೇಳೆ ತರುವುದು ಬೇಡ. ನೋಂದಣಿ ಪತ್ರ, ಪ್ಯಾನ್, ವಿಳಾಸದ ದಾಖಲೆ ಹಿಡಿದು ಅಂಗಡಿಯ ಕಾರ್ಡ್ ಕೌಂಟರಿನಲ್ಲಿ ಕೇಳಿ. ಹಬ್ಬದ ವಾರ ಅಲ್ಲಿ ಜನ ಜಾಸ್ತಿ, ಹಾಗಾಗಿ ಕಾರ್ಡಿನ ಕೆಲಸ ಒಂದು ತಿಂಗಳು ಮೊದಲೇ ಮುಗಿಸಿಕೊಳ್ಳಿ.